ಮನೆಯವರು ಬದುಕು ಸಾಕೆನ್ನುತ್ತಿದ್ದಾರೆ, ಡಾಕ್ಟರ ಬಳಿಗೆ ಬರಲು ಮಾತ್ರ ಒಪ್ಪುತ್ತಿಲ್ಲ

ಪ್ರಶ್ನೆ: ಮದ್ದೂರು ಕಡೆಯ ಗೃಹಿಣಿ

ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಮನೆಯವರು ಆಲೆಮನೆ ನಡೆಸುತ್ತಿದ್ದರು. ಬೆಲ್ಲದ ದರ ಬಿದ್ದ ಕಾಲದಲ್ಲಿ ಮಾಡಿದ ಕೈಸಾಲಕ್ಕೆ ಬಡ್ಡಿ ಸೇರುತ್ತಾ ಹೋಗಿ, ಕಳೆದ ದೀಪಾವಳಿಯ ಹೊತ್ತಿಗೆ ಆಲೆಮನೆಯನ್ನು ನಿಲ್ಲಿಸಬೇಕಾಯಿತು. ಅಂದಿನಿಂದ ಅವರಿಗೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾರಾದರೂ ಮನೆಗೆ ಬಂದರೆ ಹಿತ್ತಿಲ ಕಡೆಗೆ ಹೋಗಿಬಿಡುತ್ತಾರೆ. ಈಚೆಗೆ "ನಾನಿಲ್ಲದಿದ್ದರೆ ನಿಮಗೆಲ್ಲ ಹಗುರ" ಎನ್ನಲು ಶುರುಮಾಡಿದ್ದಾರೆ. ಹೋದ ವಾರ ಪಹಣಿ, ವಿಮೆಯ ಕಾಗದ, ಬ್ಯಾಂಕಿನ ಪಾಸ್‌ಬುಕ್ ಎಲ್ಲವನ್ನೂ ನನ್ನ ಕೈಗೆ ಕೊಟ್ಟು, ಯಾವುದು ಯಾತಕ್ಕೆ ಬೇಕಾಗುತ್ತದೆ ಎಂದು ವಿವರಿಸಿದರು.

ಡಾಕ್ಟರ ಹತ್ತಿರ ಹೋಗೋಣವೆಂದರೆ "ನನಗೇನು ಹುಚ್ಚು ಹಿಡಿದಿದೆಯಾ, ಊರವರು ಏನೆಂದುಕೊಂಡಾರು" ಎಂದು ಎದ್ದು ಹೋಗುತ್ತಾರೆ. ಯಾರಿಗೂ ಹೇಳಬಾರದೆಂದು ಮಕ್ಕಳ ಮೇಲೆ ಆಣೆ ಮಾಡಿಸಿಕೊಂಡಿದ್ದಾರೆ. ಸಾಯುವ ಯೋಚನೆಯಿದೆಯೇ ಎಂದು ನಾನೇ ಬಾಯಿಬಿಟ್ಟು ಕೇಳಿದರೆ ಇಲ್ಲದ್ದನ್ನು ಅವರ ತಲೆಗೆ ತುಂಬಿದಂತಾಗುತ್ತದೆಯೇ? ಬಲವಂತದಿಂದ ಕರೆದುಕೊಂಡು ಹೋಗಬಹುದೇ? ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸಾಗುತ್ತದೆ ಎಂದು ಯಾರೋ ಹೇಳಿದ್ದು ಬೇರೆ ಹೆದರಿಕೆ ಹುಟ್ಟಿಸಿದೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ: ನಿವೃತ್ತ ಶುಶ್ರೂಷಕಿ, ಮಂಡ್ಯ

ತಂಗಿ, ಕಾಗದಪತ್ರಗಳನ್ನು ಒಪ್ಪಿಸಿ ವಿವರ ಹೇಳಿದ್ದನ್ನು ಓದಿದ ಕೂಡಲೇ ಬರೆಯುತ್ತಿದ್ದೇನೆ. ಅವರ ಮಾತು, ನಿದ್ದೆಗೆಟ್ಟಿರುವುದು, ಈ ಒಪ್ಪಿಸುವಿಕೆ, ಮೂರನ್ನೂ ಸೇರಿಸಿ ನೋಡಿದರೆ ಇದು ಮುಂದಿನ ವಾರಕ್ಕೆ ಬಿಡುವ ವಿಷಯವಲ್ಲ, ಇವತ್ತಿನದು.

ಕೇಳಿ, ನೇರವಾಗಿಯೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಬ್ಬರೇ ಹೊತ್ತುಕೊಂಡು ತಿರುಗುತ್ತಿರುವವರಿಗೆ ಅದನ್ನು ಇಳಿಸಲು ಒಂದು ಜಾಗ ಸಿಗುತ್ತದೆ. ಮಕ್ಕಳು ಎದುರಿಲ್ಲದ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತು, "ಸಾಯಬೇಕು ಅನ್ನಿಸುತ್ತಿದೆಯಾ? ಹೇಗೆ, ಯಾವಾಗ ಅಂತಲೂ ಯೋಚನೆ ಮಾಡಿದ್ದೀರಾ?" ಎಂದು ಕೇಳಿ. ಹೌದೆಂದರೆ ಬೈಯಬೇಡಿ, ವಾದಿಸಬೇಡಿ, ಒಬ್ಬರನ್ನೇ ಬಿಡಬೇಡಿ. ದಾರಿ ಯೋಚಿಸಿಟ್ಟಿದ್ದಾರೆ ಎಂದು ತಿಳಿದರೆ ಅದು ಎದೆನೋವಿನಷ್ಟೇ ತುರ್ತು: 108ಕ್ಕೆ ಕರೆ ಮಾಡಿ, ಇಲ್ಲವೇ ಯಾರದಾದರೂ ಕಾರಿನಲ್ಲಿ ಮಂಡ್ಯದ ಮಿಮ್ಸ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆತನ್ನಿ.

ಅದಕ್ಕೂ ಮೊದಲು, ಬೆಳೆಗೆ ಹೊಡೆಯುವ ಔಷಧಿಗಳನ್ನೂ ಮನೆಯಲ್ಲಿ ಉಳಿದಿರುವ ಮಾತ್ರೆಗಳನ್ನೂ ಇಂದೇ ಬೇರೆಯವರ ಮನೆಗೆ ಸಾಗಿಸಿ. ಬಚ್ಚಿಟ್ಟರೆ ಸಾಲದು, ಮನೆಯಲ್ಲೂ ತೋಟದಲ್ಲೂ ಇರಕೂಡದು. ಸಾಯಬೇಕೆಂಬ ತೀವ್ರ ಒತ್ತಡ ಎಲ್ಲ ಹೊತ್ತೂ ಒಂದೇ ಸಮನೆ ಇರುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಏರಿದ ಆ ಹೊತ್ತಿನಲ್ಲಿ ಕೈಗೆಟಕುವಂತೆ ಏನೂ ಇರದಿದ್ದರೆ ಎಷ್ಟೋ ಜೀವಗಳು ಉಳಿಯುತ್ತವೆ. ಕುಡಿಯುವ ಅಭ್ಯಾಸವಿದ್ದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಕುಡಿತ ತಡೆಯುವ ಬುದ್ಧಿಯನ್ನೇ ಮೊದಲು ಕಸಿದುಕೊಳ್ಳುತ್ತದೆ.

ಆಣೆಯ ಬಗ್ಗೆ ಅಳುಕಿದ್ದರೆ ಮನೆದೇವರಿಗೆ ತಪ್ಪುಕಾಣಿಕೆ ಕಟ್ಟಿಟ್ಟು, ಅವರ ತಮ್ಮನಿಗೋ ನಿಮ್ಮ ಅಣ್ಣನಿಗೋ ಈಗಲೇ ಹೇಳಿಬಿಡಿ. ಇಂಥ ಗುಟ್ಟನ್ನು ಒಬ್ಬರೇ ಕಾಯುವುದು ಯಾರಿಂದಲೂ ಆಗದ ಕೆಲಸ.

ಅವರು ಒಪ್ಪುವವರೆಗೆ ನೀವು ಕಾಯಬೇಕಾಗಿಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿ, 14416, ಹಗಲೂ ರಾತ್ರಿಯೂ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು, ಕಾಯಿಲೆಯವರೇ ಕರೆ ಮಾಡಬೇಕೆಂದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆಯೂ ಇದೆ. ಮುಂದಿನ ಚಿಕಿತ್ಸೆಗೆ ಅದು ಅನುಕೂಲ, ಆದರೆ ನೀವು ಮಂಗಳವಾರಕ್ಕಾಗಿ ಕಾಯಬೇಡಿ.

ಉತ್ತರ: ಕುವೆಂಪುನಗರ, ಮೈಸೂರು

ಅಕ್ಕ, ನಮ್ಮ ಯಜಮಾನರೂ ಇದೇ ಸ್ಥಿತಿಯಲ್ಲಿದ್ದರು, ಈಗ ಚೆನ್ನಾಗಿದ್ದಾರೆ. ಅದಕ್ಕಾಗಿಯೇ ಒಪ್ಪಿಸುವ ಬಗೆಯನ್ನು ಮಾತ್ರ ಹೇಳುತ್ತೇನೆ.

"ಮನಸ್ಸಿನ ಡಾಕ್ಟರು" ಎಂದ ಕೂಡಲೇ ಬಾಗಿಲು ಹಾಕಿಕೊಳ್ಳುವ ಗಂಡಸರು "ನಿದ್ದೆಯಿಲ್ಲದೆ ಎಷ್ಟು ದಿನವಾಯಿತು, ಅದಕ್ಕಾದರೂ ತೋರಿಸೋಣ" ಎಂದರೆ ಎಷ್ಟೋ ಸಲ ಎದ್ದು ಬರುತ್ತಾರೆ. ಇದು ಸುಳ್ಳಲ್ಲ, ನಿದ್ದೆಗೇಡೂ ಈ ಕಾಯಿಲೆಯ ಭಾಗವೇ. ಅವರು ನಂಬುವ ನಿಮ್ಮೂರಿನ ಸಾಮಾನ್ಯ ವೈದ್ಯರಿದ್ದರೆ ಮೊದಲು ಅವರನ್ನೇ ಕಾಣಿರಿ, ಉಳಿದದ್ದನ್ನು ನೀವು ಮುಂಚಿತವಾಗಿ ಅವರ ಕಿವಿಗೆ ಹಾಕಿರಿ. ಊರವರು ನೋಡುತ್ತಾರೆಂಬ ಸಂಕೋಚವಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಬನ್ನಿ, ಅಲ್ಲಿಯೂ ಮನೋವೈದ್ಯ ವಿಭಾಗವಿದೆ. ನೀವು ಹೇಳಿದರೆ ಕೇಳದವರು ಸೋದರಮಾವನೋ ಬೆಲ್ಲದ ಮಂಡಿಯ ಹಳೆಯ ಗೆಳೆಯನೋ ಬಂದು "ನಡಿ, ನಾನೂ ಬರುತ್ತೇನೆ" ಎಂದರೆ ಹೊರಡಬಹುದು.

"ಮಕ್ಕಳ ಮುಖ ನೋಡಿ", "ಸಾಲ ಯಾರಿಗಿಲ್ಲ" ಎಂಬ ಮಾತುಗಳನ್ನು ದಯವಿಟ್ಟು ಬಿಡಿ. ತಾನೇ ಮಕ್ಕಳಿಗೆ ಹೊರೆ ಎಂದು ನಂಬಿ ಕುಳಿತವರಿಗೆ ಅವು ಸಮಾಧಾನವಾಗಿ ಕೇಳಿಸುವುದಿಲ್ಲ, ಇನ್ನೊಂದು ಆಪಾದನೆಯಾಗಿ ಕೇಳಿಸುತ್ತವೆ. "ನೀವಿಲ್ಲದೆ ನನಗೆ ಹಗುರವಾಗುವುದಿಲ್ಲ, ನೀವು ಬೇಕು" ಎಂಬಷ್ಟೇ ಮಾತನ್ನು ಬೇಸರವಿಲ್ಲದೆ ಮತ್ತೆ ಮತ್ತೆ ಹೇಳಿರಿ.

ಉತ್ತರ: ವಕೀಲರು, ಮಂಡ್ಯ

ಕೇಸಿನ ಹೆದರಿಕೆಯನ್ನು ಮನಸ್ಸಿನಿಂದ ತೆಗೆದುಹಾಕಿ. ಸಾಯುವ ಯೋಚನೆ ಬರುತ್ತಿದೆ ಎಂದು ಚಿಕಿತ್ಸೆಗೆ ಹೋಗುವುದು ಎಂದೂ ಅಪರಾಧವಾಗಿರಲಿಲ್ಲ. ಪ್ರಯತ್ನ ಮಾಡಿದವರ ವಿಷಯದಲ್ಲಿಯೂ, ಅವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಹೇಳುತ್ತದೆ. ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಂ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ.

ಬಲವಂತದ ಬಗ್ಗೆ ಕೇಳಿದ್ದೀರಿ. ಜೀವಕ್ಕೆ ಅಪಾಯವಿದ್ದಾಗ ತುರ್ತು ಚಿಕಿತ್ಸೆ ನೀಡಲು ಅದೇ ಕಾಯ್ದೆಯ 94ನೇ ಕಲಮಿನಲ್ಲಿ ಅವಕಾಶವಿದೆ. ನಾಮನಿರ್ದೇಶಿತ ಪ್ರತಿನಿಧಿ, ಅಂದರೆ ಕಾಯಿಲೆಯವರ ಪರವಾಗಿ ಒಪ್ಪಿಗೆ ಕೊಡಬಲ್ಲವರು, ಲಭ್ಯರಿದ್ದರೆ ಅವರ ಒಪ್ಪಿಗೆ ಪಡೆದು ಯಾವುದೇ ನೋಂದಾಯಿತ ವೈದ್ಯರು ಗರಿಷ್ಠ 72 ಗಂಟೆಗಳವರೆಗೆ ಇದನ್ನು ನೀಡಬಹುದು. ಆದರೆ ಮನವೊಲಿಸಲು ಸ್ವಲ್ಪವಾದರೂ ಸಾಧ್ಯವಿರುವಾಗ ಬಲವಂತಕ್ಕೆ ಹೋಗಬಾರದೆಂಬುದು ನನ್ನ ಅಭಿಪ್ರಾಯ.

ಸಾಲ ಕೊಟ್ಟವರು ಮನೆಬಾಗಿಲಿಗೆ ಬಂದು ಬೆದರಿಸುತ್ತಿದ್ದರೆ ಅದಕ್ಕೂ ದಾರಿಯಿದೆ. ಕಿರುಸಾಲ, ಸಣ್ಣ ಸಾಲಗಳ ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಕಾನೂನು ತಂದಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಆ ಓಡಾಟವನ್ನು ಮನೆಯ ಬೇರೊಬ್ಬರು ವಹಿಸಿಕೊಳ್ಳಲಿ. ನೀವು ಅವರ ಜೊತೆಯಲ್ಲಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೈಮುಗಿಯುತ್ತೇನೆ. ಸಂಜೆ 14416ಕ್ಕೆ ಕರೆ ಮಾಡಿದೆ, ಆಮೇಲೆ ಅವರನ್ನು ಕೇಳಿಯೂಬಿಟ್ಟೆ. ತುಂಬ ಹೊತ್ತು ಅತ್ತರು, ಯೋಚನೆ ಬರುತ್ತಿದೆ ಎಂದು ಒಪ್ಪಿಕೊಂಡರು. ಮೈದುನ ಬಂದಿದ್ದಾನೆ, ಔಷಧಿಗಳನ್ನೆಲ್ಲ ಸಾಗಿಸಿದ್ದಾನೆ, ರಾತ್ರಿ ಇಲ್ಲೇ ಇರುತ್ತಾನೆ. ಬೆಳಿಗ್ಗೆ ನಿದ್ದೆಗೆಂದು ಮಂಡ್ಯಕ್ಕೆ ಹೊರಡಲು ಒಪ್ಪಿದ್ದಾರೆ. ಮಾತ್ರೆ ಶುರುವಾದರೆ ಈ ಭಯ ಹೋಗುತ್ತದೆಯೇ?

ಉತ್ತರ: ನಿವೃತ್ತ ಶುಶ್ರೂಷಕಿ, ಮಂಡ್ಯ

ಒಳ್ಳೆಯ ಕೆಲಸ ಮಾಡಿದಿರಿ ತಂಗಿ. ರಾತ್ರಿ ಅವರನ್ನು ಸುಧಾರಿಸುವುದು ಕಷ್ಟವೆನಿಸಿದರೆ ಬೆಳಗಾಗುವುದನ್ನು ನೋಡದೆ ಹೊರಟುಬನ್ನಿ, ತುರ್ತು ವಿಭಾಗ ತೆರೆದಿರುತ್ತದೆ.

ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಆದ್ದರಿಂದ ಮೊದಲ ವಾರಗಳಲ್ಲಿ ಕಾವಲು ಸಡಿಲಿಸಬೇಡಿ. ನಡುವೆ ಒಂದು ದಿನ ಇದ್ದಕ್ಕಿದ್ದಂತೆ ತೀರಾ ಶಾಂತವಾಗಿ ಕಂಡರೆ ಗುಣವಾಯಿತೆಂದು ಸುಮ್ಮನಾಗದೆ ಮತ್ತೆ ಕೇಳಿ. ನೀವೂ ಮೈದುನನೂ ಸರದಿಯಲ್ಲಿ ಮಲಗಿ. ನಿದ್ದೆಗೆಟ್ಟವರು ಇನ್ನೊಬ್ಬರನ್ನು ಬಹಳ ದಿನ ಕಾಯಲಾರರು. ಬೆಳಿಗ್ಗೆ ಹೊರಡುವಾಗ ಬಿಪಿ, ಸಕ್ಕರೆಗೆ ಏನಾದರೂ ತೆಗೆದುಕೊಳ್ಳುತ್ತಿದ್ದರೆ ಆ ಚೀಟಿ ಜೊತೆಯಲ್ಲಿರಲಿ. ಡಾಕ್ಟರು ಬರೆದುಕೊಡುವ ಮಾತ್ರೆಗಳನ್ನು ಒಂದೊಂದು ವಾರಕ್ಕಾಗುವಷ್ಟೇ ಕೊಡುವಂತೆ ಕೇಳಿಕೊಳ್ಳಿ, ಅವು ಮೈದುನನ ಬಳಿಯಲ್ಲಿರಲಿ, ಹೊತ್ತುಹೊತ್ತಿನದನ್ನು ಅವನೇ ಎಣಿಸಿ ಕೊಡಲಿ.