‘ಹೆಚ್ಚಿನ ಗೇರ್’ ಅಂದರೆ 3.31 ಅಥವಾ 4.10?

ಎಲ್ಲರಿಗೂ ಪುಣೆಯಿಂದ ನಮಸ್ಕಾರ. ನಾನು ಬರೆದ ಒಂದು ಪದದಿಂದ ಗ್ಯಾರೇಜಿನಲ್ಲಿ ಒಂದು ವಾರದ ಕೆಲಸ ನೀರಿನಲ್ಲಿ ಹೋಮ ಆಯಿತು. ಅದಕ್ಕೇ ಈ ಪತ್ರ.

ಭೋಸರಿಯಲ್ಲಿ ನನ್ನ ಅಕ್ಕನ ಮಗನ ಗ್ಯಾರೇಜ್ ಇದೆ. ಕೆಲಸದ ಹುಡುಗರು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆಯವರು. ಗಿರಾಕಿಯೊಬ್ಬರ ಅಮೆರಿಕನ್ ಕಾರಿಗೆ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು) ಕೂರಿಸಿದ್ದರು. ಹಿಂದಿನ ಗಾಲಿಗಳ ಅಚ್ಚಿನಲ್ಲಿರುವ ಕ್ರೌನ್-ಪಿನಿಯನ್, ಅಂದರೆ ದೊಡ್ಡ-ಚಿಕ್ಕ ಹಲ್ಲುಚಕ್ರದ ಜೋಡಿ, ಸವೆದಿತ್ತು; ಹೊಸ ಸೆಟ್ ತರಿಸಬೇಕಿತ್ತು. "ಮಾಮಾ, ಇಂಗ್ಲಿಷಿನಲ್ಲಿರೋದನ್ನ ಹುಡುಗರಿಗೆ ತಿಳಿಯೋ ಹಾಗೆ ಬರೆದುಕೊಡಿ" ಅಂದ ಅಕ್ಕನ ಮಗ. ಅಲ್ಲಿ ಇದ್ದ ಮಾತು ‘ಟಾಲ್ ಗೇರ್’. ‘ಎತ್ತರದ ಗೇರ್’ ಅಂತ ಬರೆದರೆ ನಗ್ತಾರೆ ಅಂತ ಜಾಣತನ ಮಾಡಿ ‘ಹೆಚ್ಚಿನ ಅನುಪಾತದ ಗೇರ್’ ಎಂದು ಬರೆದೆ. ಅವರು 4.10 ತರಿಸಿದರು. ಬೇಕಾಗಿದ್ದದ್ದು 3.31!

ತಪ್ಪು ಅವರದ್ದಲ್ಲ. 4.10 ಅಂದರೆ ಕ್ರೌನಿಗೆ 41 ಹಲ್ಲು, ಪಿನಿಯನ್‌ಗೆ 10. ಗಾಲಿ ಒಂದು ಸುತ್ತು ಬರಲು ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಅಚ್ಚಿಗೆ ಬರುವ ದಂಡ) ನಾಲ್ಕು ಸುತ್ತಿಗಿಂತ ಚೂರು ಜಾಸ್ತಿ ತಿರುಗಬೇಕು. 43ಕ್ಕೆ 13 ಆದರೆ 3.31. ಅಂಕಿ ದೊಡ್ಡದಾದಷ್ಟೂ ಎಳೆತ ಜಾಸ್ತಿ, ಓಟ ಕಡಿಮೆ. ಇಂಗ್ಲಿಷಿನವರು ಮಾತ್ರ ಓಟ ಜಾಸ್ತಿ ಇರುವುದನ್ನೇ ‘ಎತ್ತರ’ ಅನ್ನುತ್ತಾರೆ. ನಮ್ಮಲ್ಲೂ ಈ ಗೊಂದಲ ಇದೆ, ನೋಡಿ. ಘಾಟಿ ಬಂದಾಗ ‘ಗೇರ್ ಇಳಿಸು’ ಅನ್ನುತ್ತೇವೆ. ಇಳಿಸಿದಾಗ ಅನುಪಾತದ ಅಂಕಿ ಏರಿರುತ್ತದೆ! ಎಷ್ಟು ವರ್ಷದಿಂದ ಹಾಗೆ ಅಂದರೂ ಯಾರಿಗೂ ತೊಂದರೆ ಆಗಿರಲಿಲ್ಲ, ಏಕೆಂದರೆ ಯಾರೂ ಅಂಕಿ ನೋಡುತ್ತಿರಲಿಲ್ಲ.

4.10 ಹಾಕಿದ ಮೇಲೆ ನಾನೂ ಕೂತು ನೋಡಿದೆ. ಫಸ್ಟಿನಲ್ಲಿ ಹಿಂದಿನ ಟೈರ್ ಬರೀ ಹೊಗೆ. ಗಾಡಿ ಹಿಡಿತಕ್ಕೆ ಬರುವಷ್ಟರಲ್ಲಿ ಸೆಕೆಂಡ್ ಹಾಕುವ ಹೊತ್ತಾಗಿತ್ತು. ಮುಂಬೈ ಎಕ್ಸ್‌ಪ್ರೆಸ್‌ವೇಯಲ್ಲಿ 100ರಲ್ಲಿ ಹೋದರೆ ಎಂಜಿನ್ ಕಿರುಚುತ್ತಿತ್ತು. ಟೈರ್ ಸುತ್ತಿಗೆ 2 ಮೀಟರ್ ಸಾಗುತ್ತದೆ, ಟಾಪ್ ಗೇರ್ ನೇರದ್ದು (ಎಂಜಿನ್ನಿನ ಒಂದು ಸುತ್ತಿಗೆ ಶಾಫ್ಟೂ ಒಂದೇ ಸುತ್ತು) ಅಂತ ಇಟ್ಟುಕೊಳ್ಳಿ. 4.10ರಲ್ಲಿ ನಿಮಿಷಕ್ಕೆ ಸುಮಾರು 3,400 ಸುತ್ತು, 3.31ರಲ್ಲಿ 2,750. ಈ ಕಾರಿನ ಸೂಪರ್‌ಚಾರ್ಜರ್ ರೂಟ್ಸ್ ಜಾತಿಯದು. ಎಂಜಿನ್ ನಿಧಾನಕ್ಕೆ ತಿರುಗುವಾಗಲೇ ಗಾಳಿ ತುಂಬುತ್ತದೆ, ಎಳೆತ ಆಗಲೇ ಸಾಕಷ್ಟಿದೆ. ಮತ್ತೆ ಎಳೆತದ ಗೇರ್ ಯಾಕೆ? ಸೆಂಟ್ರಿಫ್ಯೂಗಲ್ ಜಾತಿಯದಾಗಿದ್ದರೆ, ಅದರ ಒತ್ತಡ ಸುತ್ತು ಏರಿದ ಹಾಗೆ ಏರುವುದರಿಂದ, 3.73 ಒಪ್ಪುತ್ತಿತ್ತೇನೋ.

ಆಮೇಲೆ ಇಂಡಿಯ ಹುಡುಗ ಒಬ್ಬ ಗಾಡಿ ಜಾಕ್ ಮೇಲೆ ಏರಿಸಿದ. ಒಂದು ಹಿಂದಿನ ಗಾಲಿ ತಿರುಗದಂತೆ ಹಿಡಿದು, ಇನ್ನೊಂದಕ್ಕೂ ಶಾಫ್ಟಿಗೂ ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆದ. ಒಂದು ಗಾಲಿ ಹಿಡಿದಾಗ ಇನ್ನೊಂದರ ಎರಡು ಸುತ್ತು ಕ್ರೌನಿನ ಒಂದು ಸುತ್ತಿಗೆ ಸಮ; ಅದಕ್ಕೇ ಗಾಲಿ ಎರಡು ಸುತ್ತು ತಿರುಗಿಸಿ ಶಾಫ್ಟಿನ ಸುತ್ತು ಎಣಿಸಿದ. ನಾಲ್ಕು, ಮೇಲೆ ಚೂರು. "ಕಾಕಾ, ಇದು ಗಿಡ್ಡ ಹೆಜ್ಜಿ ಹಾಕೋ ಗೇರ್ ಐತ್ರಿ. ನಿಮಗ ಬೇಕಾಗಿದ್ದು ದಾಪುಗಾಲಿಂದು" ಅಂದ.

ನಾನು ಬೆಪ್ಪಾಗಿ ನಿಂತೆ. ಎಂಜಿನ್ನಿನ ಒಂದು ಸುತ್ತಿಗೆ ಗಾಡಿ ಎಷ್ಟು ದೂರ ಹೋಗುತ್ತದೆ ಅನ್ನುವುದೇ ತಾನೇ ವಿಷಯ? ‘ದಾಪುಗಾಲಿನ ಗೇರ್’ ಅಂದರೆ 3.31, ‘ಗಿಡ್ಡ ಹೆಜ್ಜೆಯ ಗೇರ್’ ಅಂದರೆ 4.10. ಅಂಕಿ ಹೇಗೇ ಇರಲಿ, ಕಾಲು ಸುಳ್ಳು ಹೇಳುವುದಿಲ್ಲ. ಅಕ್ಕನ ಮಗನಿಗೆ ಮಾತ್ರ ಇದು ಹಿಡಿಸಿಲ್ಲ. ಅವನು ‘ಪಿಕಪ್ ಗೇರ್, ಆವರೇಜ್ ಗೇರ್’ ಅಂದರೆ ಸಾಕು ಅನ್ನುತ್ತಾನೆ. (ಬೆಂಗಳೂರಿನವರ ಮೈಲೇಜ್ ಇಲ್ಲಿ ಆವರೇಜ್.) ಗಿರಾಕಿಗೆ ತಿಳಿಯುತ್ತದೆ, ನಿಜ. ಆದರೆ ಸೂಪರ್‌ಚಾರ್ಜರ್ ಹಾಕಿಸಿದವರ ಮುಂದೆ ಆವರೇಜ್ ಮಾತು ಆಡುವುದು ಒಂಥರಾ ತಮಾಷೆ ಅಲ್ವಾ?

ನನ್ನ ಪ್ರಶ್ನೆ ಇಷ್ಟು. ನಿಮ್ಮ ಕಡೆಯ ಲಾರಿ, ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳು ಈ ಎರಡಕ್ಕೆ ಏನನ್ನುತ್ತಾರೆ? ಹೆಜ್ಜೆಯ ಲೆಕ್ಕದಲ್ಲಿ ಹೇಳುವುದನ್ನು ಬೇರೆ ಕಡೆ ಯಾರಾದರೂ ಕೇಳಿದ್ದೀರಾ, ಅಥವಾ ಅದು ಆ ಹುಡುಗ ನಿಂತಲ್ಲೇ ಕಟ್ಟಿದ್ದಾ? 3.31ರ ಸೆಟ್ ಬರುವುದರೊಳಗೆ ಹೊಸ ಚೀಟಿ ಬರೆದುಕೊಡಬೇಕು.