ಸಹಾಯ ಬೇಕು: ಪಲೋಲೊ ಹುಳುವಿನ ಲೇಖನಕ್ಕೆ ಕನ್ನಡ ಪದ
ಎಲ್ಲರಿಗೂ ನಮಸ್ಕಾರ. ಸಮೋವಾ, ಫಿಜಿ ದ್ವೀಪಗಳ ಹವಳದ ದಿಬ್ಬಗಳ ಬಿರುಕುಗಳಲ್ಲಿ ಬದುಕುವ ಪಲೋಲೊ ಎಂಬ ಬಿರುಗೂದಲಿನ ಕಡಲಹುಳುವಿನ ಕುರಿತು ಪ್ರೌಢಶಾಲೆಯ ಮಕ್ಕಳಿಗಾಗಿ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅಕ್ಟೋಬರ್ ಅಥವಾ ನವೆಂಬರ್ ತಿಂಗಳಲ್ಲಿ, ಕೃಷ್ಣಪಕ್ಷದ ಅಷ್ಟಮಿಯ ಆಸುಪಾಸಿನಲ್ಲಿ (ನಮ್ಮ ಪಂಚಾಂಗ ಇಲ್ಲಿಯೂ ಉಪಯೋಗಕ್ಕೆ ಬಂತು), ಹುಳುವಿನ ತಲೆಯ ಭಾಗ ಬಿಲದಲ್ಲೇ ಉಳಿದು, ಮೊಟ್ಟೆ ಇಲ್ಲವೇ ವೀರ್ಯ ತುಂಬಿದ ಹಿಂಭಾಗ ಮಾತ್ರ ಕಳಚಿಕೊಂಡು ಮೇಲ್ಮೈಗೆ ಈಜಿ ಬರುತ್ತದೆ. ನೀಲಿ-ಹಸಿರು ಬಣ್ಣದವು ಹೆಣ್ಣಿನವು, ಕಂದು ಬಣ್ಣದವು ಗಂಡಿನವು. ಸಮೋವಾದ ಜನ ಅವನ್ನು ನಸುಕಿನಲ್ಲೇ ಬಲೆಗಳಲ್ಲಿ ಬಾಚಿಕೊಂಡು ತಿನ್ನುತ್ತಾರೆ.

ಕಳಚಿಕೊಳ್ಳುವ ಈ ಭಾಗಕ್ಕೆ ವಿಜ್ಞಾನಿಗಳು ಎಪಿಟೋಕ್ ಎನ್ನುತ್ತಾರೆ. ‘ಬಾಲ’ ಎಂದು ಬರೆದರೆ ಮಕ್ಕಳಿಗೆ ಜೀವ ಉಳಿಸಿಕೊಳ್ಳಲು ಹಲ್ಲಿ ಉದುರಿಸುವ ಬಾಲ ನೆನಪಾಗುತ್ತದೆ, ಆದರೆ ಇದು ಸಂತಾನೋತ್ಪತ್ತಿಯ ಸಂಗತಿ. ಸೂಕ್ತ ಕನ್ನಡ ಪದವನ್ನು ದಯವಿಟ್ಟು ಸೂಚಿಸಿ. ಇಂಥ ಹುಳುಗಳಿಗೆ ಕರಾವಳಿಯ ಮೀನುಗಾರರ ಮಾತಿನಲ್ಲಿ ಹೆಸರಿದ್ದರೆ ಅದನ್ನೂ ತಿಳಿಸಿ.