ರೋಜರ್ ಬಿನ್ನಿ ಅವರ ಸರಾಸರಿಗಳು ಅವರ ಆಟದ ಬೆಲೆಯನ್ನು ಹೇಳುತ್ತವೆಯೇ?

ಪ್ರಶ್ನೆ (ಟಿಳಕವಾಡಿ, ಬೆಳಗಾವಿ)

ಮಾನ್ಯರೇ, ನನ್ನ ಮಗನಿಗೆ ಹದಿನೈದು ವರ್ಷ. ಹೊಸ ಚೆಂಡಿನಲ್ಲಿ ಬೌಲಿಂಗ್ ಮಾಡುತ್ತಾನೆ, ಏಳನೆಯ ಕ್ರಮಾಂಕದಲ್ಲಿ ಬ್ಯಾಟಿಂಗ್‌ಗೆ ಇಳಿಯುತ್ತಾನೆ. ಎರಡರಲ್ಲಿ ಒಂದನ್ನು ಬಿಡದಿದ್ದರೆ ಯಾವುದರಲ್ಲಿಯೂ ಮುಂದೆ ಬರಲಾರೆ ಎಂದು ಅವನ ತರಬೇತುದಾರರು ಹೇಳಿದ ದಿನದಿಂದ ಹುಡುಗ ಮಂಕಾಗಿದ್ದಾನೆ. ಧೈರ್ಯ ತುಂಬಲೆಂದು ನಾನು ನಮ್ಮ ರಾಜ್ಯದವರೇ ಆದ ರೋಜರ್ ಬಿನ್ನಿ ಅವರ ಹೆಸರು ಹೇಳಿದೆ. ಅವನು ಕೂಡಲೇ ಮೊಬೈಲಿನಲ್ಲಿ ಅಂಕಿಗಳನ್ನು ತೆಗೆದು ನನ್ನ ಮುಂದಿಟ್ಟ: 27 ಟೆಸ್ಟ್‌ಗಳಲ್ಲಿ 830 ರನ್, ಸರಾಸರಿ 23, 47 ವಿಕೆಟ್, ಅದರ ಸರಾಸರಿ (ಅಂದರೆ ಪ್ರತಿ ವಿಕೆಟ್ಟಿಗೆ ಕೊಟ್ಟ ರನ್; ಕಡಿಮೆಯಿದ್ದಷ್ಟೂ ಒಳ್ಳೆಯದು) 32ಕ್ಕಿಂತ ಹೆಚ್ಚು. ಬ್ಯಾಟಿಂಗ್ ಸರಾಸರಿಯು ಬೌಲಿಂಗ್ ಸರಾಸರಿಯನ್ನು ಮೀರದಿದ್ದರೆ ಆಲ್‌ರೌಂಡರ್ ಎನ್ನುವುದು ಹೇಗೆ ಎಂಬ ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಕಾಲದ ಪಂದ್ಯಗಳನ್ನು ಬಲ್ಲ ಹಿರಿಯರು ದಯವಿಟ್ಟು ತಿಳಿಸಬೇಕು.

ಉತ್ತರ 1 (ವಿಜಯಪುರ)

ತಮ್ಮ ಮಗನ ಲೆಕ್ಕ ತಪ್ಪಲ್ಲ. ಆದರೆ ಆ ಅಳತೆಗೋಲು ಸೋಬರ್ಸ್, ಇಮ್ರಾನ್ ಖಾನ್ ಅಂಥವರಿಗೆ ಒಪ್ಪುವಂಥದ್ದು. ತಂಡದ ಆರನೆಯ ಅಥವಾ ಏಳನೆಯ ಸ್ಥಾನವನ್ನು ತುಂಬುವ ಆಟಗಾರನ ಕೆಲಸವನ್ನು ಅದು ಹಿಡಿಯಲಾರದು. 1983ರ ವಿಶ್ವಕಪ್ಪನ್ನೇ ನೋಡಿ. ಆ ಪಂದ್ಯಾವಳಿಯಲ್ಲಿ ಅತಿ ಹೆಚ್ಚು, ಅಂದರೆ 18 ವಿಕೆಟ್ ಪಡೆದವರು ಬಿನ್ನಿ. ವೆಸ್ಟ್ ಇಂಡೀಸ್ ವಿರುದ್ಧದ ಮೊದಲ ಪಂದ್ಯದಲ್ಲಿ 27 ರನ್ ಮಾಡಿ 3 ವಿಕೆಟ್ ಕಿತ್ತರು. ಆಸ್ಟ್ರೇಲಿಯಾವನ್ನು ಚೆಲ್ಮ್ಸ್‌ಫರ್ಡ್‌ನಲ್ಲಿ 129ಕ್ಕೆ ಉರುಳಿಸಿದಾಗ 21 ರನ್ ಜೊತೆಗೆ 29 ರನ್ನಿಗೆ 4 ವಿಕೆಟ್ ಅವರ ಪಾಲಿನದಾಗಿತ್ತು. ಫೈನಲ್‌ನಲ್ಲಿ ವೆಸ್ಟ್ ಇಂಡೀಸ್ ನಾಯಕ ಕ್ಲೈವ್ ಲಾಯ್ಡ್ ಅವರನ್ನು ಔಟ್ ಮಾಡಿದವರೂ ಅವರೇ.

ನನಗೆ ಅದಕ್ಕಿಂತಲೂ ಮುಖ್ಯವಾಗಿ ಕಾಣುವುದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಅವರು ಮಾಡಿದ 22 ರನ್. ಕಪಿಲ್ ದೇವ್ ಅವರ ಅಜೇಯ 175 ಎಲ್ಲರಿಗೂ ಕಂಠಪಾಠವಾಗಿದೆ. ಆದರೆ 17 ರನ್ನಿಗೆ 5 ವಿಕೆಟ್ ಬಿದ್ದಿದ್ದಾಗ ಕ್ರೀಸಿಗೆ ಬಂದು, ನಾಯಕನ ಜೊತೆ ನಿಂತು ಮೊತ್ತವನ್ನು 77ಕ್ಕೆ ತಂದವರು ಬಿನ್ನಿ. ಆ 60 ರನ್ನಿನ ಜೊತೆಯಾಟ ಇಲ್ಲದಿದ್ದರೆ ಕಪಿಲ್ ಅವರಿಗೆ ತಮ್ಮ ಇನಿಂಗ್ಸ್ ಕಟ್ಟಲು ಪುರಸೊತ್ತೇ ಸಿಗುತ್ತಿರಲಿಲ್ಲ. ಸರಾಸರಿಯ ಲೆಕ್ಕದಲ್ಲಿ ಆ 22, ಗೆದ್ದ ಪಂದ್ಯದ ಕೊನೆಯಲ್ಲಿ ಸುಮ್ಮನೆ ಸೇರುವ 22ಕ್ಕೆ ಸಮ.

ಅದೇ ವರ್ಷ ಬೆಂಗಳೂರಿನಲ್ಲಿ ಪಾಕಿಸ್ತಾನದ ವಿರುದ್ಧ ಭಾರತ 85ಕ್ಕೆ 6 ವಿಕೆಟ್ ಕಳೆದುಕೊಂಡಿದ್ದಾಗ ಮದನ್ ಲಾಲ್ ಜೊತೆ 155 ರನ್ ಸೇರಿಸಿ, ಔಟಾಗದೆ 83ರಲ್ಲಿ ಉಳಿದರು. 1986ರಲ್ಲಿ ಹೆಡಿಂಗ್ಲಿ ಟೆಸ್ಟ್‌ನ ಮೊದಲ ಇನಿಂಗ್ಸ್‌ನಲ್ಲಿ ಇಂಗ್ಲೆಂಡ್ 102ಕ್ಕೆ ಕುಸಿದಾಗ 40 ರನ್ನಿಗೆ 5, ಎರಡನೆಯ ಇನಿಂಗ್ಸ್‌ನಲ್ಲಿ 18ಕ್ಕೆ 2 ವಿಕೆಟ್ ಪಡೆದರು; ಆ ಗೆಲುವಿನೊಂದಿಗೆ ಸರಣಿಯೂ ನಮ್ಮದಾಯಿತು.

ಉತ್ತರ 2 (ಬಾಗಲಕೋಟೆ)

ವಿಜಯಪುರದ ಹಿರಿಯರ ಮಾತನ್ನು ಗೌರವದಿಂದಲೇ ಅರ್ಧ ಒಪ್ಪುತ್ತೇನೆ. ಚೆಂಡನ್ನು ಗಾಳಿಯಲ್ಲೇ ಬಾಗಿಸುವ ಬಿನ್ನಿ ಅವರ ಸ್ವಿಂಗ್ ಬೌಲಿಂಗ್‌ಗೆ ಇಂಗ್ಲೆಂಡಿನ ತೇವದ ಹವೆ ಹೇಳಿ ಮಾಡಿಸಿದಂತಿತ್ತು. ನಮ್ಮ ದೇಶದಲ್ಲಿ ಹೊಸ ಚೆಂಡಿನ ಹೊಳಪು ಆರುವಷ್ಟರಲ್ಲಿ ಸ್ಪಿನ್ನರ್‌ಗಳ ಸರದಿ ಬರುತ್ತಿತ್ತು. ನಾಲ್ಕೈದು ಓವರ್ ಎಸೆದು ಪಕ್ಕಕ್ಕೆ ಸರಿಯಬೇಕಾದ ಮಧ್ಯಮ ವೇಗಿಯ ಸರಾಸರಿ ಹೇಗೆ ಇಳಿಯಬೇಕು? ಎರೆಮಣ್ಣಿನ ಗಟ್ಟಿ ಮೈದಾನದಲ್ಲಿ ಚೆಂಡು ಎಷ್ಟು ಬೇಗ ಸವೆಯುತ್ತದೆ ಎಂಬುದನ್ನು ನಾವು ಇಲ್ಲಿ ಪ್ರತಿ ಬೇಸಿಗೆಯಲ್ಲಿ ಕಾಣುತ್ತೇವೆ. ಆದ್ದರಿಂದ ಹುಡುಗನಿಗೆ ಕೇವಲ ಹೊಗಳಿಕೆ ಹೇಳಬೇಡಿ. ಹಳೆಯ ಚೆಂಡಿನಲ್ಲಿಯೂ ಏನಾದರೂ ಮಾಡಲು ಬಾರದಿದ್ದರೆ ಆಯ್ಕೆಗಾರರು ಅವನನ್ನು ಹವೆ ನೋಡಿಯೇ ಕರೆಯುತ್ತಾರೆ. ಆದರೂ 1987ರಲ್ಲಿ ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ ಅವರು 56 ರನ್ನಿಗೆ 6 ವಿಕೆಟ್ ಪಡೆದಿದ್ದು ನನ್ನ ವಾದಕ್ಕೆ ಅಡ್ಡ ಬರುತ್ತದೆ ಎಂಬುದನ್ನು ಮುಚ್ಚಿಡಲಾರೆ.

ಉತ್ತರ 3 (ಗೋಕಾಕ)

ಒಂದು ಸಂಗತಿ ಇಲ್ಲಿ ಬಿಟ್ಟುಹೋಗಿದೆ. ಬಿನ್ನಿ ಕರ್ನಾಟಕ ತಂಡದಲ್ಲಿ ಏಳನೆಯವರಾಗಿ ಬೆಳೆದವರಲ್ಲ, ಆರಂಭಿಕ ಬ್ಯಾಟರ್ ಆಗಿ ಬೆಳೆದವರು. 1977–78ರ ರಣಜಿ ಋತುವಿನಲ್ಲಿ ಚಿಕ್ಕಮಗಳೂರಿನಲ್ಲಿ ಕೇರಳದ ವಿರುದ್ಧ ಸಂಜಯ್ ದೇಸಾಯಿ ಅವರೊಂದಿಗೆ ಮೊದಲ ವಿಕೆಟ್ಟಿಗೆ ಮುರಿಯದ 451 ರನ್ ಸೇರಿಸಿದರು. ಅದರಲ್ಲಿ ಅವರ ಪಾಲು ಅಜೇಯ 211. ಅಂಥ ಬ್ಯಾಟರ್ ಭಾರತ ತಂಡದಲ್ಲಿ ಕೆಳಗಿನ ಕ್ರಮಾಂಕಕ್ಕೆ ಇಳಿದು, ಕಪಿಲ್ ಅವರ ಜೊತೆಗೆ ಹೊಸ ಚೆಂಡನ್ನೂ ಹಂಚಿಕೊಂಡರು. ಬ್ಯಾಟಿಂಗ್ ಸರಾಸರಿ 23ಕ್ಕೆ ನಿಂತಿದ್ದನ್ನು ಅಸಾಮರ್ಥ್ಯ ಎನ್ನುವ ಮೊದಲು ತಂಡ ಅವರಿಂದ ಏನನ್ನು ಕೇಳಿತು ಎಂಬುದನ್ನು ನೋಡಬೇಕು. ತಮ್ಮ ಮಗನಿಗೆ ಇನ್ನೂ ಹದಿನೈದು. ಈ ವಯಸ್ಸಿನಲ್ಲಿ ಒಂದನ್ನು ಬಿಡಿಸುವುದು ಅವಸರವೆಂದೇ ನನ್ನ ಖಚಿತ ಅಭಿಪ್ರಾಯ.

ಪ್ರಶ್ನೆ ಕೇಳಿದವರಿಂದ (ಟಿಳಕವಾಡಿ, ಬೆಳಗಾವಿ)

ಮೂವರಿಗೂ ಹೃತ್ಪೂರ್ವಕ ವಂದನೆಗಳು. ರಾತ್ರಿ ಊಟವಾದ ಮೇಲೆ ಇವನ್ನೆಲ್ಲ ಮಗನಿಗೆ ಓದಿ ಹೇಳಿದೆ. 451ರ ಮಾತು ಬಂದಾಗ ಎರಡು ಸಲ ಓದಿಸಿದ. ಆದರೆ ಅವನನ್ನು ಹಿಡಿದು ನಿಲ್ಲಿಸಿದ್ದು ಬಾಗಲಕೋಟೆಯ ಹಿರಿಯರ ಎಚ್ಚರಿಕೆ. ಮರುದಿನ ಬೆಳಿಗ್ಗೆ ವ್ಯಾಕ್ಸಿನ್ ಡಿಪೋ ಮೈದಾನಕ್ಕೆ ಹೊರಟಾಗ ಹೊಸ ಚೆಂಡನ್ನು ಮನೆಯಲ್ಲೇ ಬಿಟ್ಟು, ಹೊಲಿಗೆ ಬಿಚ್ಚತೊಡಗಿದ್ದ ಹಳೆಯ ಚೆಂಡನ್ನು ಚೀಲಕ್ಕೆ ಹಾಕಿಕೊಂಡ.